ಒಂದೇ ಕೂಗು

ಕೊಂಬು ಊದುವವನನ್ನು ಯಾರೂ ಕೇಳುವುದಿಲ್ಲ.
ದೂಮಣ್ಣ ಮಾರ್ಲರು ನಡೆದರು, ನಾನೂ ನಡೆದೆ,
ಅಷ್ಟೇ. ಅವರ ಕುದುರೆಗೆ ನನಗಿಂತ
ಮರ್ಯಾದೆ ಹೆಚ್ಚು, ಹುರುಳಿಯೂ ಹೆಚ್ಚು.

ಬೀಡಿನ ದೊಡ್ಡವರು ತೀರಿದ ಹದಿಮೂರನೆಯ ದಿನ
ಪಟ್ಟ ಅಳಿಯನಿಗೆ ಎಂದಿತು ಕಟ್ಟು.
ಮಗನಿಗೆ ಎಂದಿತು ಹೊಳೆಯಾಚೆಯ ಬಂದೂಕು.
ಕಲ್ಯಾಣಪುರದ ಕಡವಿನಲ್ಲಿ ಅಂದಿನಿಂದ
ಎರಡು ದೋಣಿ, ಎರಡು ಸುಂಕ.
ಸ್ವರ್ಣೆ ಮಾತ್ರ ಒಬ್ಬಳೇ.

ನಾವು ಅಳಿಯನ ಕಡೆ.
ಉಪ್ಪು ಅವನದು, ಕುಚ್ಚಲಕ್ಕಿ ಅವನದು.
ಎರಡು ಮಳೆಗಾಲ ಸರಿಯಾಗಿಯೇ ಸತ್ತೆವು.

ಆ ಅಮಾವಾಸ್ಯೆ ಮಾರ್ಲರು ಗಂಜಿ ಬಿಟ್ಟು ಎದ್ದರು.
ಮಿಡಿ ಉಪ್ಪಿನಕಾಯಿ ಎಲೆಯ ತುದಿಯಲ್ಲಿ ಹಾಗೇ.
"ಕೊಂಬಿನ ಬಾಯಿಗೆ ಬಟ್ಟೆ ತುರುಕು."
ಇಳಿತದ ಹೊತ್ತು. ಎದೆಮಟ್ಟ ನೀರು. ಮುನ್ನೂರು ಜನ
ಕತ್ತಿಗಳನ್ನು ಹೊರೆಹುಲ್ಲಿನ ಹಾಗೆ ತಲೆಯ ಮೇಲಿಟ್ಟು.

ದುಡ್ಡಿಗೆ ಎಂದರು ಜನ.
ಹೊನ್ನಿನ ಚೀಲ ಕಂಡೆವು ಎಂದವರೂ ಇದ್ದರು.
ನಾನು ಕಂಡದ್ದು ಬೇರೆ:
ಹೋದ ಸುಗ್ಗಿಯಲ್ಲಿ ಅವರ ಆರು ವರ್ಷದ ಮಗ
ಅಪ್ಪನ ಕತ್ತಿಯನ್ನು ಎರಡೂ ಕೈಯಲ್ಲಿ ಎತ್ತಲಾರದೆ ಎತ್ತಿ
"ಆಮೇಲೆ ಇದು ಯಾರಿಗೆ?" ಎಂದದ್ದು.
ಅಳಿಯಕಟ್ಟಿನ ಮನೆ. ಉತ್ತರ ಎಲ್ಲರಿಗೂ ಗೊತ್ತು.
ಮಾರ್ಲರು ಮೀಸೆ ಒರೆಸಿಕೊಂಡರು,
ಏನೂ ತಿಂದಿರಲಿಲ್ಲ.

ಆಚೆ ದಡದಲ್ಲಿ ಹೊಸ ರುಮಾಲು, ಕೆಂಪು.
ಹಳೆಯ ಹಳದಿಯನ್ನು ಬಿಚ್ಚಿ
ಅದರಲ್ಲೇ ಕಾಲಿನ ಕೆಸರು ಒರೆಸಿದೆವು.
ಕತ್ತಿಗೆ ಹೊಸ ಆಣೆ, ನಾಲಿಗೆಗೆ ಹೊಸ ಒಡೆಯ.
ಕೊಂಬಿಗೆ ಹೊಸ ಕೂಗು ಕಲಿಸಲು
ಹೊತ್ತಿರಲಿಲ್ಲ.

ಬೆಳಗಿನ ಮಂಜಿನಲ್ಲಿ "ಊದು" ಎಂದರು.
ಊದಿದೆ. ನನಗೆ ಬರುವುದು ಒಂದೇ:
ನಮ್ಮವರೇ, ಇಲ್ಲಿದ್ದೇವೆ, ಬನ್ನಿ.

ಬಂದರು.
ರಾತ್ರಿ ಕಾವಲಿಗೆ ಹೋಗಿ ಹಿಂದುಳಿದವರು,
ಏರುವ ಉಬ್ಬರದಲ್ಲಿ ಈಜುತ್ತ, ನಗುತ್ತ,
ಹೇಳದೆ ಬಿಟ್ಟು ಬಂದಿರಲ್ಲ ಎಂದು ಬೈಯುತ್ತ.
ಎಲ್ಲರ ಮುಂದೆ ಐತಪ್ಪ, ನನ್ನ ಅಕ್ಕನ ಮಗ,
ಹಳದಿ ರುಮಾಲು ಒದ್ದೆಯಾಗದಂತೆ ಹಲ್ಲಲ್ಲಿ ಕಚ್ಚಿ.

ಬಂದೂಕಿನವರಿಗೆ ಬಣ್ಣ ಸಾಕು.

ಈಗ ಅಳಿಯನೂ ಮಗನೂ ಒಂದೇ ಚಾವಡಿಯಲ್ಲಿ
ಎಲೆಯಡಿಕೆ ಜಗಿಯುತ್ತಾರೆ,
ಕಡವಿನ ಸುಂಕ ಪಾಲು ಮಾಡಿಕೊಂಡು.
ಮಾರ್ಲರಿಗೆ ಹತ್ತು ಮುಡಿ ಗದ್ದೆ ಉಂಬಳಿ,
ಬರೆಸಿದ್ದು ಮಗನ ಹೆಸರಿಗೆ.

ಮೊನ್ನೆ ದಾರಿಯಲ್ಲಿ ಸಿಕ್ಕಿ ಕೇಳಿದರು,
"ಕೊಂಬು ಮುಂದೆ ಯಾರಿಗೋ?"
ನಿಜಕ್ಕೂ ಮರೆತಿದ್ದರು ಅನಿಸುತ್ತದೆ.

ಅಟ್ಟದ ಮೇಲಿದೆ.
ಬಾಯಿಗೆ ಹಳದಿ ಬಟ್ಟೆ ತುರುಕಿದ್ದೇನೆ,
ಗಾಳಿ ನುಗ್ಗಿದರೂ
ಯಾರನ್ನೂ ಕರೆಯದ ಹಾಗೆ.