ಎಂದಿರಲಿ

ಬಂದರಿನ ಕಟ್ಟೆಯಿಂದ ಬೆಂಗ್ರೆಗೆ ಏಳು ನಿಮಿಷ.
ಬಾವುಂಞಿಕಾಕನ ದೋಣಿಯ ಪಕ್ಕೆಗೆ
ಬಿಳಿ ಬಣ್ಣದಲ್ಲಿ ಎಳೆದ ಒಂದು ಗೆರೆ.
ನೀರು ಅದನ್ನು ಮುಟ್ಟಿತೆಂದರೆ ಮತ್ತೆ ಯಾರೂ ಹತ್ತುವ ಹಾಗಿಲ್ಲ,
ತಹಶೀಲ್ದಾರನಾದರೂ ಸರಿ.

ನನ್ನ ಚೀಲದಲ್ಲಿ ಮೂವತ್ತೆಂಟು ಉತ್ತರಪತ್ರಿಕೆ.
ನಿನ್ನೆ ಪಾಲಿಟೆಕ್ನಿಕ್ಕಿನ ಬೋರ್ಡಿನಲ್ಲಿ ನಾನೇ ಬರೆದದ್ದು:
ನೀರು ಕಚ್ಚಿದಲ್ಲಿ ದೋಣಿಯ ವಿಸ್ತೀರ್ಣ
ಹದಿನೈದು ಚದರ ಮೀಟರು ಎಂದಿರಲಿ.
ಇಪ್ಪತ್ತು ಜನ, ತಲೆಗೆ ಅರುವತ್ತು ಕಿಲೋ ಎಂದಿರಲಿ.
ಮೀನಿನ ಬುಟ್ಟಿಗಳೆಲ್ಲ ಸೇರಿ ಮುನ್ನೂರು.
ನೀರು ನಿಶ್ಚಲವಾಗಿದೆ ಎಂದಿರಲಿ.
ದೋಣಿ ಇನ್ನೆಷ್ಟು ಇಳಿಯುತ್ತದೆ?

ಲವೀನಾ ಡಿಮೆಲ್ಲೊ ಬರೆದಿದ್ದಾಳೆ,
ಕೆಳಗೆ ಎರಡು ಗೆರೆ ಎಳೆದು, ಧೈರ್ಯವಾಗಿ:
ನೂರು ಮೀಟರು.

ಸಾವಿರದೈನೂರನ್ನು ಹದಿನೈದರಿಂದ ಭಾಗಿಸಿದ್ದಾಳೆ. ಭಾಗಾಕಾರ ಸರಿಯುಂಟು.
ನೀರಿಗೂ ತೂಕ ಇದೆ ಎಂಬುದನ್ನು ಮರೆತಿದ್ದಾಳೆ.
ಕೆಂಪು ಪೆನ್ನು ಹಿಡಿದು ನಾನು ನೋಡುತ್ತೇನೆ:
ಇಪ್ಪತ್ತು ಜನ, ಬೂತಾಯಿ ಬಂಗುಡೆ,
ಗಿರಿಜಕ್ಕನ ಕೊಡೆ, ಯಾರದೋ ಕಾಲು ಕಟ್ಟಿದ ಕೋಳಿ
ಎಲ್ಲ ಸೇರಿ ಇಳಿಯುತ್ತಿವೆ,
ಮರುವಾಯಿ ದಾಟಿ, ಕೆಸರು ದಾಟಿ,
ಹೊಳೆಯೇ ಮುಗಿದ ಮೇಲೂ
ಅಡಿಯ ಕಲ್ಲು ಕೊರೆದುಕೊಂಡು ಇನ್ನೂ ಕೆಳಗೆ.
ಬದಿಯಲ್ಲಿ ಬರೆದೆ:
ಹೊಳೆಯ ಆಳವನ್ನಾದರೂ ಒಮ್ಮೆ ವಿಚಾರಿಸಬಾರದಿತ್ತೇ?
ಐದಕ್ಕೆ ಎರಡೂವರೆ.

ಕಾಕಾ, ದೋಣಿ ತುಂಬಿದರೆ ಎಷ್ಟು ಇಳಿಯುತ್ತದೆ?

ತೂಕ ಕೇಳಲಿಲ್ಲ, ಅಗಲ ಕೇಳಲಿಲ್ಲ.
ಚುಕ್ಕಾಣಿ ಬಿಡದೆ ಎಡಗೈ ಅಡ್ಡ ಹಿಡಿದ,
ಹೆಬ್ಬೆರಳನ್ನೂ ಸೇರಿಸಿ.
"ಇಷ್ಟು. ಐದು ಬೆರಳು."

ಒಂದೂವರೆ ಘನ ಮೀಟರು ನೀರು
ಜರುಗಿ ಜಾಗ ಕೊಡಬೇಕು.
ಹದಿನೈದರ ಮೇಲೆ ಅದನ್ನು ಹಾಸಿದರೆ ಹತ್ತು ಸೆಂಟಿಮೀಟರು.
ನಾಚದೆ ಅವನ ಅಂಗೈಗೆ ಸ್ಕೇಲು ಹಿಡಿದೆ.
ಹತ್ತು, ಕೂದಲೆಳೆ ಕಡಿಮೆ.

"ಆಟಿಯಲ್ಲಿ ಈ ಲೆಕ್ಕ ನಡೆಯುವುದಿಲ್ಲ ಟೀಚರೇ.
ಘಟ್ಟದ ನೀರು ಬಂದು ಉಪ್ಪನ್ನು ಅಳಿವೆಯಾಚೆ ದೂಡ್ತದೆ,
ಹೊಳೆ ಸಪ್ಪೆ ಆಗ್ತದೆ.
ಅದೇ ಜನ, ಅದೇ ಬುಟ್ಟಿ, ದೋಣಿ ಅರ್ಧ ಬೆರಳು ಹೆಚ್ಚು ಕೂರ್ತದೆ.
ಉಪ್ಪುನೀರಿಗೆ ಬೆನ್ನು ಗಟ್ಟಿ."

ಸಾವಿರದ ಇಪ್ಪತ್ತೈದು. ಸಾವಿರ.
ಪುಸ್ತಕದ ಕೊನೆಯ ಕೋಷ್ಟಕದಲ್ಲಿರುವ ಎರಡು ಅಂಕಿ,
ಹನ್ನೊಂದು ವರ್ಷದಿಂದ ಓದಿ ಹೇಳುತ್ತಿದ್ದೇನೆ.
ದೋಣಿ, ಎಂಜಿನು, ಜನ, ಎಲ್ಲ ಆರು ಟನ್ನು ಎಂದಿರಲಿ:
ಪತ್ರಿಕೆಯ ಹಿಂದೆ ಗೀಚಿ ನೋಡಿದೆ,
ಒಂದು ಸೆಂಟಿಮೀಟರು.
ಅರ್ಧ ಬೆರಳು.

ಚಿಕ್ಕಂದಿನಲ್ಲಿ ಮನೆಯ ತೊಟ್ಟಿಯಲ್ಲಿ
ಖಾಲಿ ಕೊಡಪಾನವನ್ನು ಬೋರಲು ಹಿಡಿದು ಒತ್ತಿದ್ದೆ.
ಒತ್ತಿದಷ್ಟೂ ಕೆಳಗಿನಿಂದ ಯಾರೋ ಎತ್ತುತ್ತಿದ್ದರು.
ಹೆದರಿ ಕೈಬಿಟ್ಟದ್ದಕ್ಕೆ ಅದು ಹಾರಿ ನನ್ನ ಗದ್ದಕ್ಕೆ ಬಡಿದದ್ದು.
ಆ ಗಾಯದ ಗುರುತು ಈಗಲೂ ಇದೆ.
ತರಗತಿಯಲ್ಲಿ ಅದನ್ನು ಯಾಕೆ ತೋರಿಸಲಿಲ್ಲವೋ.

ನಡುಹೊಳೆಯಲ್ಲಿ ಟ್ರಾಲ್ ಬೋಟೊಂದು ಅಡ್ಡ ಹಾದು
ನನ್ನ ನಿಶ್ಚಲವೆಲ್ಲ ಮಡಿಲಿಗೆ ಚೆಲ್ಲಿತು.
ಮೂರು ಪತ್ರಿಕೆ ಒದ್ದೆ.
ಗಿರಿಜಕ್ಕ ಚಿಲ್ಲರೆ ಎಣಿಸಿದಳು, ಎರಡು ರೂಪಾಯಿ ಕಡಿಮೆ.
"ಇರಲಿ" ಎಂದ ಕಾಕ, ನೋಡದೆಯೇ.

ನನ್ನ ಪಕ್ಕದವಳ ಮಡಿಲಲ್ಲಿ
ಲೇಡಿಗೋಶನ್‌ನಿಂದ ಮನೆಗೆ ಹೊರಟ ಐದು ದಿನದ ಮಗು.
ಕಾಕ ತಲೆ ಎಣಿಸುವಾಗ ಅದನ್ನು ಬಿಟ್ಟಿದ್ದ.
ಮೂರು ಕಿಲೋ, ಹದಿನೈದರ ಮೇಲೆ:
ಮಿಲಿಮೀಟರಿನ ಹತ್ತರಲ್ಲಿ ಎರಡು ಪಾಲು.
ನಿರ್ಲಕ್ಷಿಸಬಹುದು ಎನ್ನುತ್ತದೆ ಪುಸ್ತಕ.
ನೀರು ಮಾತ್ರ ಆ ಮಗುವಿಗೂ
ಎರಡು ಹಾಳೆಯ ದಪ್ಪ
ಸರಿದು ಜಾಗ ಮಾಡಿತ್ತು.

ಬೆಂಗ್ರೆಯಲ್ಲಿ ಜನ ಇಳಿದ ಹಾಗೆ
ಬೆರಳು ಬೆರಳಾಗಿ ದೋಣಿ ಎದ್ದಿತು.
ಹಲಗೆ ದಾಟುವ ಮೊದಲು
ಲವೀನಾಳ ಎರಡೂವರೆಯನ್ನು ಹೊಡೆದು
ಮೂರು ಮಾಡಿದೆ.
ಇರಲಿ.