ಅರ್ಥದ ಲೆಕ್ಕ

ಬದಿಯಡ್ಕದಲ್ಲಿ, ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆ.
ನಲವತ್ತೊಂದು ಕ್ಯಾಸೆಟ್ಟು. ಬೆನ್ನ ಮೇಲೆ
ಊರು, ತಾರೀಕು, ಯಾರದೋ ಅವಸರದ ಅಕ್ಷರ:
ನೀರ್ಚಾಲು, ಪೆರ್ಲ, ಮುಳ್ಳೇರಿಯ, ಮತ್ತೊಮ್ಮೆ ಪೆರ್ಲ.
ವೇಷವಿಲ್ಲ, ಕುಣಿತವಿಲ್ಲ; ಒಂದು ಚಾಪೆ, ಮದ್ದಳೆ, ಎರಡು ಶಾಲು,
ಬೆಳಗಿನ ತನಕ ಮಾತು.

ಪ್ರಸಂಗ ಒಂದೇ. ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟವನನ್ನು
ಬಿದ್ದವನು ಕೇಳುತ್ತಾನೆ: ಯಾಕೆ?
ಬಿದ್ದವರು ದೂಮಣ್ಣ ರೈಗಳು. ಬಿಟ್ಟವರು ಪಟ್ಟಾಜೆ ಶಂಭಟ್ರು.
ಇಪ್ಪತ್ತಾರು ವರ್ಷ ಒಬ್ಬರು ಬಿದ್ದೇ ಬಿದ್ದರು,
ಇನ್ನೊಬ್ಬರು ಬಿಟ್ಟೇ ಬಿಟ್ಟರು.

ಕೇಳಿದೆ, ನಿಲ್ಲಿಸಿದೆ, ಹಿಂದೆ ಓಡಿಸಿದೆ, ಬರೆದೆ.
ಬರೆದದ್ದನ್ನು ಕಂಪ್ಯೂಟರಿಗೆ ಉಣಿಸಿದೆ.
ಅದಕ್ಕೆ ನಿದ್ದೆ ತೂಗುವುದಿಲ್ಲ, ಎಣಿಸಿತು:
‘ಆದರೆ’ ಸಾವಿರದ ಒಂಬೈನೂರ ಎರಡು.
ಉಪಮೆಗಳಲ್ಲಿ ಮೊದಲ ಹತ್ತು ವರ್ಷ ಕಾಳುಮೆಣಸಿನ ಬಳ್ಳಿ,
ಆಮೇಲೆ ಗಲ್ಫಿನಿಂದ ಬರುವ ಡ್ರಾಫ್ಟು.
ಪ್ರಶ್ನೆಗಳು, ಬಿದ್ದವನವು: ಎರಡು ಸಾವಿರದ ಹದಿನೇಳು.
ಬಿಟ್ಟವನವು: ಸೊನ್ನೆ.

ಅದು ಭಟ್ರ ಪಟ್ಟು. ಉತ್ತರ ಕೊಡುವವ ಕೇಳಬಾರದು,
ಕೇಳಿದರೆ ಅರ್ಧ ಸೋತ ಹಾಗೆ.
ನನ್ನ ಗೈಡು ಕುರ್ಚಿಯಿಂದ ಎದ್ದೇ ಬಿಟ್ಟರು:
‘ಈ ಸೊನ್ನೆಯೇ ನಿನ್ನ ಮೂರನೆಯ ಅಧ್ಯಾಯ.’

ಕ್ಯಾಸೆಟ್ಟು ಮೂವತ್ತೆಂಟು, ಹಿಂಬದಿ.
ರೈಗಳು ಮಾತಿನ ನಡುವೆ ನಿಂತಿದ್ದಾರೆ. ಹನ್ನೊಂದು ಸೆಕೆಂಡು.
ಯಂತ್ರ ಬರೆದದ್ದು: ಮೌನ.
ಮೌನ ಎಲ್ಲಿತ್ತು? ಕಿವಿಗೆ ಹೆಡ್‌ಫೋನು ಒತ್ತಿ ಹಿಡಿದೆ.
ಮದ್ದಳೆಯ ಮೇಲೆ ಒಂದು ಬೆರಳು, ಸುಮ್ಮನೆ.
ಯಾರದೋ ಕೆಮ್ಮು. ದೂರದ ಮಸೀದಿಯ ಬೆಳಗಿನ ಬಾಂಗು.
ಅದರ ಅಡಿಯಲ್ಲಿ, ತಗ್ಗಿದ ಸ್ವರದಲ್ಲಿ, ಶಂಭಟ್ರು:
‘ದೂಮಣ್ಣ, ನೀರ್ ಬೋಡಾ?’

ಆ ಸಾಲನ್ನು ಹಾಗೇ ಉಣಿಸಿದೆ. ಯಂತ್ರ ತಡವರಿಸಿತು.
ಭಾಷೆ: ಮಲಯಾಳಂ ಇರಬಹುದು, ಶೇಕಡಾ ಮೂವತ್ತೊಂದು.
ಆಮೇಲೆ ಸಾಲನ್ನೇ ಬಿಟ್ಟುಬಿಟ್ಟಿತು.
ನಾನು ಬಿಡಲಿಲ್ಲ. ಸೊನ್ನೆಯನ್ನು ಅಳಿಸಿ
ಒಂದು ಎಂದು ಬರೆದೆ, ಕಣ್ಣು ಸ್ವಲ್ಪ ಮಂಜಾಗಿತ್ತು:
ಬಾಣ ಬಿಟ್ಟ ಕೈಯೇ ಚೊಂಬು ಎತ್ತಿದ ಹೊತ್ತು!

ತಡೆಯಲಾರದೆ ಪಟ್ಟಾಜೆಗೆ ಫೋನು ಮಾಡಿದೆ.
ರೈಗಳು ಹೋಗಿ ಏಳು ವರ್ಷ. ಭಟ್ರಿಗೆ ಕಿವಿ ಮಂದ,
ಸೊಸೆ ಎರಡು ಸಲ ಕೂಗಿ ಹೇಳಬೇಕಾಯಿತು.
ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು.
‘ನೀರಾ? ಅವನಿಗೆಂತ ಬಾಯಾರಿಕೆ ಮಾರಾಯ್ತಿ!
ಅವತ್ತು ಅವ ಹಾಕಿದ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ.
ಸ್ವಲ್ಪ ಸಮಯ ಬೇಕಿತ್ತು, ಅಷ್ಟೆ.’

‘ಅವರು ಕುಡಿದರಾ?’

ಬಹಳ ಹೊತ್ತು ಏನೂ ಕೇಳಲಿಲ್ಲ.
ಲೈನು ಹೋಯಿತು ಅಂದುಕೊಂಡೆ.
‘ಕುಡಿದ. ಪೂರ್ತಿ ಚೊಂಬು. ಅವನಿಗೆ ಗೊತ್ತಿತ್ತು.’

ಕೋಷ್ಟಕದಲ್ಲಿ ಒಂದು ಅಂಕಣ ಉಂಟು: ಉದ್ದೇಶ.
ತಂತ್ರ ಎಂದು ಬರೆದೆ. ಅಳಿಸಿದೆ.
ಕರುಣೆ ಎಂದು ಬರೆದೆ, ಅದನ್ನೂ.
ಕೆಳಗೆ ಝೆರಾಕ್ಸ್ ಯಂತ್ರ ಯಾರದೋ ರೇಷನ್ ಕಾರ್ಡಿನ
ಇನ್ನೊಂದು ಪ್ರತಿ ತೆಗೆಯುತ್ತಿದೆ.
ಕರ್ಸರು ಆ ಮನೆಯಲ್ಲೇ ಮಿಣುಕುತ್ತಿದೆ,
ಮದ್ದಳೆಯ ಮೇಲಿನ ಆ ಒಂದು ಬೆರಳಿನ ಹಾಗೆ.