ಏಪ್ರಿಲ್ ಹದಿನಾಲ್ಕರ ರಾತ್ರಿ

ಬಾಗಿಲ ಬೋರ್ಡು ಈಗಲೇ ತಿರುಗಿಸಬೇಡ, ಪಾ ನಿಯಾ.
ಗಡುವಿನ ಹಿಂದಿನ ರಾತ್ರಿ ಬರುವವರೇ
ನಮ್ಮ ಖಾಯಂ ಗಿರಾಕಿಗಳು.
ಡುಲೂತಿನ ಈ ಬೀದಿಯಲ್ಲಿ ನನಗೆ ಮೂವತ್ತೊಂದು ಚಳಿಗಾಲ.
ಎಡಕ್ಕೆ ಲಾಂಡ್ರಿ, ಬಲಕ್ಕೆ ಗಾಳ ಮಾರುವವನು,
ನಡುವೆ ನಾನು, ಐಲಾ ಕೊಸ್ಕೆಲಾ,
ಊರವರ ರಟ್ಟಿನ ಡಬ್ಬಗಳನ್ನು ಬಿಚ್ಚಿ ಓದುವವಳು.

ಶೂ ಡಬ್ಬ ಹೊತ್ತು ತಂದವನನ್ನು ಬೈಯಬೇಡ.
"ಎಲ್ಲಾ ನೆನಪಿದೆ ಬಿಡಿ" ಎನ್ನುವವನಿಗಿಂತ
ಅವನು ಸಾವಿರ ಪಾಲು ಮೇಲು.
ಚೀಟಿ ಒಂದೊಂದೇ ತೆಗೆ. ಹಿಮದಲ್ಲಿ ನೆನೆದದ್ದನ್ನು
ಹೀಟರಿನ ಮೇಲೆ ಹರವು.
ಕಾಫಿ ಕಲೆಯ ಕೆಳಗೆ ತಾರೀಕು ಇರುತ್ತದೆ.

ಲಾರಿಯ ಥಾರ್ವಾಲ್ಡನಿಗೆ ಹನ್ನೊಂದು ವರ್ಷ ಹೇಳಿದೆ:
ಓಡಿದ ಮೈಲಿ ಓಡಿದ ದಿನವೇ ಬರಿ.
ಡಿಸೆಂಬರಿನಲ್ಲಿ ಕೂತು ಜೂನ್ ತಿಂಗಳು ಹೆಣೆದರೆ
ಎಲ್ಲ ಅಂಕಿಗೂ ಸೊನ್ನೆಯ ಬಾಲ ಬರುತ್ತದೆ.
ನಿಜದ ಬಾಲ ಅಷ್ಟು ದುಂಡಗಿರುವುದಿಲ್ಲ.

ರೀಫಂಡು ಬಂತೆಂದು ಕುಣಿಯುವವರಿಗೆ ಮೆಲ್ಲಗೆ ಹೇಳು,
ಇದು ನಿಮ್ಮದೇ ದುಡ್ಡು, ವರ್ಷವಿಡೀ
ಸರ್ಕಾರದ ಜೇಬಿನಲ್ಲಿ ಬಡ್ಡಿಯಿಲ್ಲದೆ ಮಲಗಿ ಎದ್ದು ಬಂದದ್ದು.
ಹೇಳಿದರೂ ಕುಣಿಯುತ್ತಾರೆ. ಕುಣಿಯಲಿ.
ಫೆಬ್ರವರಿಯಲ್ಲಿ ಈ ಊರಿಗೆ ಬೇರೆ ಕಾರಣ ಏನಿದೆ?
ಆದರೆ ಎರಡು ವಾರ ಮೊದಲೇ ಕೈಗಿಡುತ್ತೇವೆಂದು
ಎದುರು ಬೀದಿಯವರು ಕೊಡುವ ಸಾಲವಿದೆಯಲ್ಲ,
ಮೂಗಿಗಿಂತ ಮೂಗುತಿ ಭಾರ.
ಆ ಕಡೆ ಯಾರನ್ನೂ ಕಳಿಸಬೇಡ.

ಸ್ವಂತಕ್ಕೆ ದುಡಿಯುವವರು, ಬಣ್ಣ ಬಳಿಯುವವರು,
ಕೂದಲು ಕತ್ತರಿಸುವವರು,
ಪ್ರತಿ ಚೆಕ್ಕಿನ ಕಾಲುಭಾಗ ಬೇರೆ ಖಾತೆಗೆ ಹಾಕಲಿ.
ಆ ಖಾತೆಗೆ ಕಾರ್ಡು ಬೇಡ.
ಕಟ್ಟಲು ಕಾಸಿಲ್ಲದಿದ್ದರೂ ಅರ್ಜಿ ಮಾತ್ರ ಹೋಗಲಿ.
"ಇಲ್ಲ" ಎಂದು ಬರೆದುಕೊಟ್ಟವನಿಗೆ ದಂಡ ನಡೆದು ಬರುತ್ತದೆ,
ಬಾಯಿ ಮುಚ್ಚಿ ಕೂತವನಿಗೆ ಓಡಿ ಬರುತ್ತದೆ.

ವರ್ಲೀನ್ ಹಡಗುಕಟ್ಟೆಯ ಹೋಟೆಲಲ್ಲಿ ಬಡಿಸುತ್ತಿದ್ದಳು.
ಟಿಪ್ಸೆಲ್ಲ ಏಪ್ರನ್ನಿನ ಜೇಬಲ್ಲಿ, ಕಾಗದದ ಮೇಲೆ ಚೂರೂ ಇಲ್ಲ.
"ಯಾರಿಗೆ ಗೊತ್ತಾಗುತ್ತೆ, ಐಲಾ?"
ನಾನು ಸಹಿ ಹಾಕಲಿಲ್ಲ. ಅವಳು ಬೇರೆ ಅಂಗಡಿಗೆ ಹೋದಳು.
ಅರವತ್ತೇಳಕ್ಕೆ ಮತ್ತೆ ಬಂದಳು, ಪಿಂಚಣಿಯ ಕಾಗದ ಹಿಡಿದು.
ಮೂವತ್ತು ವರ್ಷ ತಟ್ಟೆ ಎತ್ತಿದ ಆ ಮಣಿಕಟ್ಟನ್ನು
ಅರ್ಧ ದುಡಿದದ್ದೆಂದು ಓದಿಕೊಂಡಿತ್ತು ಸರ್ಕಾರ.
ಬಚ್ಚಿಟ್ಟದ್ದು ಯಾರಿಂದ ಅಂತ ನಾನು ಕೇಳಲಿಲ್ಲ.
ಕೇಳಬೇಕಿತ್ತೇನೋ. ಬ್ರೆಡ್ಡು ಕೊಟ್ಟೆ.

ಅಗೋ, ಅದಿರಿನ ಹಡಗು ಕೂಗಿತು. ಸರೋವರದ ಮಂಜುಗಡ್ಡೆ ಒಡೆದಿದೆ.

ಹೊರಗೆ ಕಾರಿನಲ್ಲಿ, ಎಂಜಿನ್ ಆರಿಸದೆ
ಇಪ್ಪತ್ತು ನಿಮಿಷದಿಂದ ಕೂತಿರುವವನು ಓಸ್ಮೋ.
ಹೋದ ವರ್ಷ ಮಾರ್ಚಿ ಒಂಬತ್ತಕ್ಕೆ ಹೆಂಡತಿ ತೀರಿಕೊಂಡಳು.
ಬಂದು ಕೂತವನೇ "ಒಂಟಿ" ಎಂಬ ಚೌಕಕ್ಕೆ ಬೆರಳಿಡುತ್ತಾನೆ ನೋಡು.
ತಡಿ. ಮೇಲಿನ ಚೌಕ ತೋರಿಸು.
ಸಾವಾದ ವರ್ಷದ ಕೊನೆಯ ದಿನದವರೆಗೆ
ಜೋಡಿಯನ್ನು ಜೋಡಿಯೆಂದೇ ಬರೆಯಬಹುದು.
ನಮ್ಮ ಪಾದ್ರಿ ಸಾವಿನವರೆಗೆ ಮಾತ್ರ ಅಂದಿದ್ದ,
ತೆರಿಗೆ ಇಲಾಖೆ ಡಿಸೆಂಬರ್ ಮೂವತ್ತೊಂದರವರೆಗೆ ಕೊಡುತ್ತದೆ.

ಎಯ್ನೋ ಹೋದ ವರ್ಷ ನನ್ನ ಅರ್ಜಿ ನಾನೇ ತುಂಬಿದೆ.
ಅವನ ಉದ್ಯೋಗದ ಎದುರು "ಕ್ರೇನ್ ಚಾಲಕ" ಎಂದೇ ಇತ್ತು.
ತಪ್ಪು ಹುಡುಕುವುದೇ ನನ್ನ ಕಸುಬು,
ಅದೊಂದನ್ನು ಹಾಗೇ ಬಿಟ್ಟು ಕಳಿಸಿದೆ.
ಇಲಾಖೆಯಿಂದ ಯಾವ ಕಾಗದವೂ ಬರಲಿಲ್ಲ.

ಎಂಜಿನ್ ನಿಂತಿತು.
ಹೀಟರು ಒಂದು ಗೆರೆ ಏರಿಸು.
ಪೆನ್ನಿನ ದಾರ ಬಿಚ್ಚಿಡು, ಅವನು ಎಡಗೈಯಲ್ಲಿ ಬರೆಯುವವನು.
ನಮ್ಮ ಶುಲ್ಕ ನೂರ ನಲವತ್ತು.
ಅವನಿಗೂ ನೂರ ನಲವತ್ತೇ, ಕಡಿಮೆ ಮಾಡಿದರೆ
ಕನಿಕರ ಅಂದುಕೊಳ್ಳುತ್ತಾನೆ.
ಎಣಿಸಿಕೋ. ರಸೀತಿ ಕೊಡು.